ಮೈಸೂರಲ್ಲಿ ಬಾಡಿಗೆಗೆ ಬಿಡೋಕೆ ಅಂತ ಮನೆ ತಗೊಳ್ತೀರಾ? ಮೊದಲು ಹಸು ಬತ್ತಿದ ತಿಂಗಳ ಲೆಕ್ಕ ಹಾಕಿ

ನಮ್ಮಪ್ಪ ಪಾಂಡವಪುರದ ಹತ್ರ ಊರಲ್ಲಿ ಎರಡು ಹಸು ಕಟ್ಕೊಂಡು ಡೈರಿಗೆ ಹಾಲು ಹಾಕೋರು. ಯಾರಾದ್ರೂ ಬಂದು ತಿಂಗಳಿಗೆ ಎಷ್ಟು ಸಿಗುತ್ತೆ ಅಂತ ಕೇಳಿದ್ರೆ, ಕರೆಯೋ ತಿಂಗಳಿಂದು ಕೇಳ್ತಿದ್ದೀಯೋ ಬತ್ತಿದ ತಿಂಗಳಿಂದು ಕೇಳ್ತಿದ್ದೀಯೋ ಅಂತ ವಾಪಸ್ ಕೇಳೋರು, ಯಾಕಂದ್ರೆ ಹಾಲು ನಿಂತ್ರೂ ಹಿಂಡಿ ಬೂಸಾ ತಪ್ಪಲ್ವಲ್ಲ. ನಾನು 2014ರಲ್ಲಿ ದಟ್ಟಗಳ್ಳಿ ಕಡೆ ಒಂದು 30×40 ಸೈಟಿನ ಹಳೇ ಮನೆ ತಗೊಂಡು, ಮೇಲೊಂದು ಕೆಳಗೊಂದು ಅಂತ ಎರಡು ಮನೆ ಬಾಡಿಗೆಗೆ ಬಿಟ್ಟು, ಎರಡು ಆಷಾಢ ಕಳೆದ ಮೇಲೇನೇ ನಂಗೆ ಆ ಮಾತು ಸರಿಯಾಗಿ ತಲೆಗೆ ಹೋಗಿದ್ದು.

ಈಗ ನಮ್ಮ ನೆಂಟರಲ್ಲಿ ಮೂರ್ನಾಲ್ಕು ಜನ, ಅದರಲ್ಲೂ ಮಂಡ್ಯ ಕಡೆ ಜಮೀನು ಮಾರಿ ಕೈಯಲ್ಲಿ ದುಡ್ಡಿರೋರು, ಮೈಸೂರಲ್ಲಿ ಒಂದು ಮನೆ ಹಾಕ್ಬಿಡೋಣ ಅಂತ ನನ್ನ ಕೇಳ್ತಾರೆ. ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಒಂದ್ಸಲ ಬರೆದೇ ಬಿಡೋಣ ಅಂತ ಕೂತಿದ್ದೀನಿ.

1. ಮೊದಲು ಲೆಕ್ಕ, ಆಮೇಲೆ ಮನೆ ನೋಡೋಕೆ ಹೋಗೋದು

ಬ್ರೋಕರ್ ಲೆಕ್ಕ ಯಾವಾಗ್ಲೂ ಕರೆಯೋ ತಿಂಗಳ ಲೆಕ್ಕ. 85 ಲಕ್ಷದ ಮನೆ ಸಾರ್, ಕೆಳಗೆ 15 ಸಾವಿರ, ಮೇಲೆ 11 ಸಾವಿರ, ತಿಂಗಳಿಗೆ 26, ವರ್ಷಕ್ಕೆ 3 ಲಕ್ಷದ 12 ಸಾವಿರ, ಕೂತಲ್ಲೇ ದುಡ್ಡು ಅಂತಾನೆ. ಸರಿ, ಇದನ್ನೇ ಇಟ್ಕೊಂಡು ನಮ್ಮ ಲೆಕ್ಕ ಹಾಕೋಣ, ಪೆನ್ನು ಪೇಪರ್ ತಗೊಳ್ಳಿ.

ಮೊದಲನೇದು ಮನೆ 85ಕ್ಕೆ ಸಿಗಲ್ಲ. 45 ಲಕ್ಷದ ಮೇಲಿನ ಆಸ್ತಿಗೆ ಸ್ಟಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು ಸರ್‌ಚಾರ್ಜು, ರಿಜಿಸ್ಟ್ರೇಷನ್ ಫೀಸು 2025ರ ಆಗಸ್ಟ್ 31ರಿಂದ 1% ಇದ್ದಿದ್ದು 2% ಆಯ್ತು, ಒಟ್ಟು ಸಿಟಿಯಲ್ಲಿ 7.6% ಬೀಳುತ್ತೆ, ಅಂದ್ರೆ 6 ಲಕ್ಷದ 46 ಸಾವಿರ. ಬ್ರೋಕರ್‌ಗೆ 1% ಅಂದ್ರೂ 85 ಸಾವಿರ. ಹಳೇ ಮನೆ ಅಂದ್ಮೇಲೆ ವೈರಿಂಗು, ಬಾತ್‌ರೂಮು, ಸುಣ್ಣ ಬಣ್ಣ, ಟೆರೇಸಿನ ವಾಟರ್ ಪ್ರೂಫಿಂಗು ಎಲ್ಲ ಸೇರಿ 3 ಲಕ್ಷ ಇಟ್ಕೊಳ್ಳಿ. ಕೀ ಕೈಗೆ ಬರೋ ಹೊತ್ತಿಗೆ ಸುಮಾರು 95 ಲಕ್ಷ ಹೋಗಿರುತ್ತೆ.

ಈಗ ಬರೋ ಕಡೆ. ವರ್ಷಕ್ಕೆ ಸರಾಸರಿ ಒಂದು ತಿಂಗಳು ಖಾಲಿ ಬೀಳುತ್ತೆ ಅಂತ ಇಟ್ಕೊಂಡ್ರೆ 26 ಸಾವಿರ ಹೋಯ್ತು, ರಿಪೇರಿ ಪೇಂಟಿಂಗ್ ಅಂತ 30 ಸಾವಿರ, ಕಂದಾಯ 8 ಸಾವಿರ, ಹೊಸ ಬಾಡಿಗೆದಾರನ್ನ ಹುಡುಕೋ ಖರ್ಚು 13 ಸಾವಿರ. ಉಳಿದಿದ್ದು 2 ಲಕ್ಷದ 35 ಸಾವಿರ. 95 ಲಕ್ಷಕ್ಕೆ ಇದು ಎರಡೂವರೆ ಪರ್ಸೆಂಟ್ ಕೂಡ ಪೂರ್ತಿ ಇಲ್ಲ! ಪೋಸ್ಟ್ ಆಫೀಸಿನ ಸೀನಿಯರ್ ಸಿಟಿಜನ್ ಸ್ಕೀಮಲ್ಲಿ 2023ರ ಏಪ್ರಿಲ್‌ನಲ್ಲಿ 8.2% ಮಾಡಿದ್ರು, ಅಲ್ಲಿ ಯಾರೂ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಅಂಕಲ್ ಮೋಟ್ರು ಆನ್ ಆಗ್ತಿಲ್ಲ ಅನ್ನಲ್ಲ. ಆದ್ರೆ ಅಲ್ಲಿ ಒಬ್ಬರಿಗೆ 30 ಲಕ್ಷದ ಮಿತಿ ಇದೆ, 60 ವರ್ಷ ಆಗಿರ್ಬೇಕು, ಅದು ಬೇರೆ ಮಾತು.

ಸಾಲ ಮಾಡಿ ತಗೊಳ್ಳೋರಿಗೆ ಇನ್ನೂ ಕಷ್ಟ. 50 ಲಕ್ಷ, 8.5% ಬಡ್ಡಿ, 20 ವರ್ಷ ಅಂದ್ರೆ ಇಎಂಐ 43,391 ರೂಪಾಯಿ. ಮೇಲಿನ ಬಾಡಿಗೆಯಲ್ಲಿ ಖರ್ಚು ಕಳೆದು ತಿಂಗಳಿಗೆ 19,500 ಬಂದ್ರೆ ಉಳಿದ 24 ಸಾವಿರ ನಿಮ್ಮ ಸಂಬಳದಿಂದಲೇ ಹೋಗ್ಬೇಕು. ಬಾಡಿಗೆಯಲ್ಲೇ ಇಎಂಐ ತೀರುತ್ತೆ ಅನ್ನೋ ಮಾತು ನಂಬ್ಕೊಂಡು ಬಂದೋರನ್ನ ನಾನು ನೋಡಿದ್ದೀನಿ, ಎರಡನೇ ವರ್ಷಕ್ಕೆ ಹೆಂಡ್ತಿ ಒಡವೆ ಬ್ಯಾಂಕ್ ಲಾಕರ್‌ನಿಂದ ಬ್ಯಾಂಕ್ ಕೌಂಟರ್‌ಗೆ ಬಂದಿರುತ್ತೆ.

ಹಂಗಾದ್ರೆ ಯಾಕೆ ತಗೊಳ್ತಾರೆ ಅಂತೀರಾ? ಜಾಗದ ರೇಟು ಏರುತ್ತೆ ಅಂತ. ಏರುತ್ತೆ, ಸುಳ್ಳಲ್ಲ, ಆದ್ರೆ ಆ ದುಡ್ಡು ಮಾರಿದ ದಿನ ಮಾತ್ರ ಕೈಗೆ ಬರೋದು, ಅಲ್ಲೀವರ್ಗೂ ಎರಡೂವರೆ ಪರ್ಸೆಂಟಲ್ಲಿ ಬದುಕೋಕೆ ನಿಮಗೆ ತಾಕತ್ತಿದ್ಯಾ ಅನ್ನೋದೇ ಪ್ರಶ್ನೆ. ಆರು ತಿಂಗಳ ಇಎಂಐ ಬೇರೆ ಅಕೌಂಟಲ್ಲಿ ಬಿದ್ದಿರ್ಬೇಕು, ಇಲ್ಲಾಂದ್ರೆ ಮುಂದಿನ ಹೆಜ್ಜೆ ಇಡ್ಬೇಡಿ.

2. ಮನೆ ಅಲ್ಲ, ಬಾಡಿಗೆದಾರ ಎಲ್ಲಿದ್ದಾನೆ ನೋಡಿ

ನಮಗೆ ಇಷ್ಟ ಆಗೋ ಮನೆ ಬೇರೆ, ಬಾಡಿಗೆಗೆ ಹೋಗೋ ಮನೆ ಬೇರೆ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಫ್ಯಾಕ್ಟರಿಗಳಿಗೆ ಹೋಗೋರು ವಿಜಯನಗರ ನಾಲ್ಕನೇ ಸ್ಟೇಜು, ಹಿನಕಲ್ ಕಡೆ ಹುಡುಕ್ತಾರೆ. ಮಾನಸಗಂಗೋತ್ರಿ ಹುಡುಗರು ಸರಸ್ವತಿಪುರಂ ಸುತ್ತ. ಆಫೀಸು ಬ್ಯಾಂಕು ಅಂತ ಟ್ರಾನ್ಸ್‌ಫರ್ ಆಗಿ ಬರೋ ಸಂಸಾರಸ್ಥರು ಸ್ಕೂಲು, ಬಸ್ಸು ನೋಡ್ಕೊಂಡು ಕುವೆಂಪುನಗರ, ರಾಮಕೃಷ್ಣನಗರ. ಇವರಲ್ಲಿ ಯಾರಿಗೆ ಬಿಡ್ತೀರಾ ಅಂತ ಮೊದಲೇ ತೀರ್ಮಾನ ಮಾಡಿ, ಆಮೇಲೆ ಏರಿಯಾ.

ಒಂದೇ ಥರದ ಬಾಡಿಗೆದಾರರ ಮೇಲೆ ನಿಂತ್ರೆ ಏನಾಗುತ್ತೆ ಅನ್ನೋದಕ್ಕೆ ಗೋಕುಲಂ ನೋಡಿ. ಅಷ್ಟಾಂಗ ಯೋಗ ಕಲಿಯೋಕೆ ಬರೋ ಫಾರಿನರ್‌ಗಳಿಗೆ ಒಳ್ಳೇ ಬಾಡಿಗೆಗೆ ಬಿಟ್ಕೊಂಡು ಆರಾಮಾಗಿದ್ದೋರು 2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ಬಾಗಿಲು ಹಾಕ್ಕೊಂಡು ಕೂತ್ರು. ಹಾಸ್ಟೆಲ್ ಪಿಜಿ ನಡೆಸ್ತಿದ್ದೋರದ್ದೂ ಅದೇ ಕಥೆ. ಸಂಸಾರಸ್ಥರಿಗೆ ಬಿಟ್ಟಿದ್ದ ನಂಗೆ ಬಾಡಿಗೆ ಸ್ವಲ್ಪ ಕಮ್ಮಿ ಮಾಡ್ಕೋಬೇಕಾಯ್ತು ಅಷ್ಟೆ, ಮನೆ ಖಾಲಿ ಆಗ್ಲಿಲ್ಲ.

ಊರಾಚೆ ಲೇಔಟ್‌ಗಳ ವಿಷಯ. ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಲ್ಲಿ ಉದ್ಘಾಟನೆ ಆದ್ಮೇಲೆ ಬೆಂಗಳೂರು ಇಲ್ಲೇ ಪಕ್ಕ ಅಂತ ಹೇಳಿ ಮಾರೋರು ಜಾಸ್ತಿ ಆದ್ರು. ಸೈಟ್ ರೇಟ್ ಏರಿದ ಹಾಗೆ ನಮ್ಮ ಬೀದೀಲಂತೂ ಬಾಡಿಗೆ ಏರ್ಲಿಲ್ಲ. ಊರಾಚೆ ತಗೊಳ್ಳೋ ಮುಂಚೆ ಎರಡು ಪ್ರಶ್ನೆ: ಈ ಲೇಔಟ್ ಪಾಲಿಕೆಗೋ ಪಂಚಾಯ್ತಿಗೋ ಹಸ್ತಾಂತರ ಆಗಿದ್ಯಾ, ಇಲ್ಲಾಂದ್ರೆ ಬೀದಿ ದೀಪ, ಯುಜಿಡಿ (ಒಳಚರಂಡಿ), ಕಸ ಯಾರೂ ಕೇಳಲ್ಲ. ಎರಡನೇದು, ನಲ್ಲಿ ನೀರು ಇವತ್ತು ಬರ್ತಿದ್ಯಾ. ಹಳೇ ಉಂಡುವಾಡಿ ಯೋಜನೆಯ ಕಾವೇರಿ ನೀರು ಬರುತ್ತೆ ಸಾರ್ ಅಂತಾರೆ, ಬರುತ್ತೆ ಅನ್ನೋ ನೀರಿಗೆ ಯಾವ ಬಾಡಿಗೆದಾರನೂ ದುಡ್ಡು ಕೊಡಲ್ಲ. ಬೋರು ಕೈಕೊಟ್ರೆ ಟ್ಯಾಂಕರ್ ಖರ್ಚು ನಿಮ್ಮ ತಲೆ ಮೇಲೆ.

ಮನೇನ ಮೂರು ಸಲ ನೋಡಿ. ಒಂದ್ಸಲ ಬೆಳಿಗ್ಗೆ ನೀರು ಬಿಡೋ ಹೊತ್ತಿಗೆ, ಒಂದ್ಸಲ ಸಂಜೆ ಏಳರ ಮೇಲೆ, ಇನ್ನೊಂದ್ಸಲ ಜೋರು ಮಳೆ ಬಂದ ಮಾರನೇ ದಿನ. ಬೀದಿಯಲ್ಲಿ ಟು-ಲೆಟ್ ಬೋರ್ಡು ಎಷ್ಟಿದೆ ಎಣಿಸಿ, ಆ ನಂಬರ್‌ಗಳಿಗೇ ಬಾಡಿಗೆದಾರನ ಥರ ಫೋನ್ ಮಾಡಿ ರೇಟ್ ಕೇಳಿ, ಎಷ್ಟು ದಿನದಿಂದ ಖಾಲಿ ಇದೆ ಅಂತ ಮೂಲೆ ಅಂಗಡಿಯೋರನ್ನ ಕೇಳಿ. ಬ್ರೋಕರ್ ಹೇಳಿದ 15 ಸಾವಿರ ಅಲ್ಲೇ 12ಕ್ಕೆ ಇಳಿಯುತ್ತೆ. ಇನ್ನು ದಕ್ಷಿಣದ ಬಾಗಿಲು ಅಂದ್ರೆ ಮೆಟ್ಟಿಲಲ್ಲೇ ವಾಪಸ್ ಹೋಗೋರು ಇದ್ದಾರೆ, ನಂಗೆ ವಾಸ್ತು ಮೇಲೆ ನಂಬಿಕೆ ಇಲ್ಲ, ಆದ್ರೆ ನನ್ನ ಬಾಡಿಗೆದಾರರಿಗೆ ಇದೆಯಲ್ಲ, ಅದಕ್ಕೆ ಅದನ್ನೂ ಚೌಕಾಸಿಗೆ ಬಳಸ್ಕೊಳ್ಳಿ.

3. ಕಾಗದ ಪತ್ರ: ಇಲ್ಲಿ ನಾಚ್ಕೊಂಡ್ರೆ ಕೆಟ್ರಿ

ಖಾತೆ ಅವರ ಹೆಸರಲ್ಲಿದೆ ಅಂದ್ರೆ ಆಸ್ತಿ ಅವರದು ಅಂತ ಅಲ್ಲ, ಖಾತೆ ಕಂದಾಯ ಕಟ್ಟೋಕೆ ಇರೋ ಲೆಕ್ಕ. ನೋಡ್ಬೇಕಿರೋದು ಮೂಲ ಪತ್ರದಿಂದ ಇವತ್ತಿನವರೆಗೆ ಕೈ ಬದಲಾದ ಎಲ್ಲ ಪತ್ರಗಳು. ರಿಜಿಸ್ಟ್ರೇಷನ್ ಇಲಾಖೆಯ ಕಾವೇರಿ ಪೋರ್ಟಲಲ್ಲಿ 2004ರ ಏಪ್ರಿಲ್ ಈಚೆಗಿನ ಇಸಿ (ಆಸ್ತಿ ಮೇಲೆ ಮಾರಾಟ, ಸಾಲ ಏನೇನಾಗಿದೆ ಅಂತ ತೋರಿಸೋ ಋಣಭಾರ ಪತ್ರ) ಆನ್‌ಲೈನಲ್ಲಿ ಸಿಗುತ್ತೆ, ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಅರ್ಜಿ ಹಾಕಿ 30 ವರ್ಷದ್ದು ತೆಗೆಸಿ. ಇ-ಖಾತಾ ಇಲ್ಲದೆ ಈಗ ರಿಜಿಸ್ಟ್ರೇಷನ್ನೇ ಆಗಲ್ಲ, ಹಾಗಾಗಿ ಮಾಡಿಸ್ಕೊಡ್ತೀವಿ ಅನ್ನೋರಿಗೆ ಮಾಡಿಸಿದ ಮೇಲೆ ಬನ್ನಿ ಅನ್ನಿ, ಅಡ್ವಾನ್ಸ್ ಕೊಡ್ಬೇಡಿ. ಪಂಚಾಯ್ತಿ ಜಾಗ ಆದ್ರೆ ಭೂಪರಿವರ್ತನೆ ಆದೇಶ, ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಈಗ ಎಂಡಿಎ) ಅನುಮೋದಿತ ನಕ್ಷೆ, ಪಂಚಾಯ್ತಿ ಆಸ್ತಿ ದಾಖಲೆಯಾದ ಇ-ಸ್ವತ್ತಿನ ಫಾರಂ 9, 11 ನೋಡಿ. ಮುಡಾ ಸೈಟಾದ್ರೆ ಯಾವ ಲೆಕ್ಕದಲ್ಲಿ ಯಾರಿಗೆ ಮಂಜೂರಾಗಿತ್ತು ಅನ್ನೋದರಿಂದ ಶುರು ಮಾಡಿ, 50:50 (ಜಮೀನು ಕೊಟ್ಟೋರಿಗೆ ಅಭಿವೃದ್ಧಿ ಆದ ಜಾಗದಲ್ಲಿ ಅರ್ಧ ಕೊಡೋ ಸ್ಕೀಮು) ಗಲಾಟೆ ಆದ್ಮೇಲೆ ಇದನ್ನ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ.

ನಮ್ಮ ಕಡೆ ಜಾಸ್ತಿ ಎಡವೋದು ಹೆಣ್ಮಕ್ಕಳ ಸಹಿ ವಿಷಯದಲ್ಲಿ. ಪಿತ್ರಾರ್ಜಿತ ಆಸ್ತಿ, ಅಣ್ಣ ತಮ್ಮಂದಿರು ಸಹಿ ಹಾಕಿದ್ದಾರೆ, ಅಕ್ಕ ತಂಗಿ ಮದ್ವೆ ಆಗಿ ಹೋಗಿದ್ದಾರೆ ಅವರೇನೂ ಕೇಳಲ್ಲ ಅಂತಾರೆ. 2005ರ ತಿದ್ದುಪಡಿ ಆದ್ಮೇಲೆ ಮಗಳಿಗೂ ಮಗನಷ್ಟೇ ಹಕ್ಕು, ಅಪ್ಪ ಆಗ ಬದುಕಿದ್ರೋ ಇಲ್ವೋ ಅನ್ನೋದೂ ಮುಖ್ಯ ಅಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಂಶವೃಕ್ಷ ತರಿಸಿ, ಅದರಲ್ಲಿರೋ ಪ್ರತಿಯೊಬ್ಬರೂ ಸಹಿ ಹಾಕ್ಲಿ. ನಾನು ತಗೊಂಡಾಗ ಒಬ್ಬ ಅಕ್ಕ ಹುಣಸೂರಿಂದ ಬರೋಕೆ ಆಗಲ್ಲ ಅಂದ್ರು, ನಾನೇ ಕಾರ್ ಮಾಡ್ಕೊಂಡು ಹೋಗಿ ಕರ್ಕೊಂಡು ಬಂದೆ, ಊಟ ಹಾಕ್ಸಿ ವಾಪಸ್ ಬಿಟ್ಟು ಬಂದೆ, ಎರಡು ಸಾವಿರ ಖರ್ಚಾಯ್ತು, ನಾನು ಮಾಡಿದ ಖರ್ಚುಗಳಲ್ಲಿ ಅದರಷ್ಟು ಲಾಭದ್ದು ಇನ್ನೊಂದಿಲ್ಲ.

ಜಿಪಿಎ (ಅಧಿಕಾರ ಪತ್ರ) ಮೇಲೆ ಮಾತ್ರ ಮಾರ್ತೀನಿ ಅಂದ್ರೆ ಎದ್ದು ಬನ್ನಿ, ಅದರಿಂದ ಮಾಲೀಕತ್ವ ಬರಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ದರಖಾಸ್ತು, ಗ್ರಾಂಟ್ ಜಮೀನಿನ ಮೇಲೆ ಆಗಿರೋ ಲೇಔಟಾದ್ರೆ 1978ರ ಪಿಟಿಸಿಎಲ್ ಕಾಯ್ದೆ (ಎಸ್‌ಸಿ ಎಸ್‌ಟಿಯೋರಿಗೆ ಸರ್ಕಾರ ಕೊಟ್ಟ ಜಮೀನು ಪರಭಾರೆ ಆಗೋದನ್ನ ತಡೆಯೋದು) ವ್ಯಾಪ್ತಿಗೆ ಬರುತ್ತಾ ಅಂತ ವಕೀಲರ ಹತ್ರ ಬರೆಸ್ಕೊಳ್ಳಿ. ಬ್ರೋಕರ್ ತೋರಿಸಿದ ವಕೀಲರು ಬೇಡ. ಬೆಲೆ 50 ಲಕ್ಷ ಮುಟ್ಟಿದ್ರೆ ಮಾರೋರಿಗೆ ಕೊಡೋ ದುಡ್ಡಲ್ಲಿ 1% ಟಿಡಿಎಸ್ (ಮೊದಲೇ ಹಿಡ್ಕೊಳ್ಳೋ ಆದಾಯ ತೆರಿಗೆ) ಕಟ್ ಮಾಡಿ ಸರ್ಕಾರಕ್ಕೆ ಕಟ್ಟೋದು ತಗೊಳ್ಳೋರ ಜವಾಬ್ದಾರಿ, ಮರೆತ್ರೆ ಬಡ್ಡಿ ದಂಡ ನಿಮಗೇ. ಬ್ಲ್ಯಾಕಲ್ಲಿ ಅಷ್ಟು ವೈಟಲ್ಲಿ ಇಷ್ಟು ಅನ್ನೋ ಮಾತಿಗೆ ತಲೆ ಆಡಿಸಿದ್ರೆ ಮುಂದೆ ಮಾರುವಾಗ ಆ ತೆರಿಗೇನೂ ನೀವೇ ಕಟ್ಟೋದು.

4. ಬಾಡಿಗೆದಾರ ಮತ್ತು ಕರಾರು

ಮೊದಲನೇ ಬಾಡಿಗೆದಾರನ್ನ ನಾನು ಆರಿಸಿದ್ದು ಹೇಗೆ ಗೊತ್ತಾ, ಮಾತು ಚೆನ್ನಾಗಿತ್ತು, ಬಂದ ತಕ್ಷಣ ನಮ್ಮಮ್ಮನ ಕಾಲಿಗೆ ಬಿದ್ದ. ಅಡ್ವಾನ್ಸ್ 30 ಸಾವಿರ ಸಾಕು ಅಂದೆ, ಅಗ್ರಿಮೆಂಟ್ ನಿಧಾನಕ್ಕೆ ಮಾಡಿಸೋಣ ಅಂದೆ. ಎರಡನೇ ವರ್ಷ ನಾಲ್ಕು ತಿಂಗಳು ಬಾಡಿಗೆ ನಿಲ್ಲಿಸಿ, ಕೇಳಿದ್ರೆ ಅಡ್ವಾನ್ಸಲ್ಲೇ ಮುರ್ಕೊಳ್ಳಿ ಸಾರ್ ಅಂದ. ಅಡ್ವಾನ್ಸು ಮೂರು ತಿಂಗಳಿಗೇ ಮುಗಿದಿತ್ತು, ಕರೆಂಟ್ ಬಿಲ್ ಬಾಕಿ, ಅಡುಗೆ ಮನೆ ಗೋಡೆ ಎಣ್ಣೆ ಜಿಡ್ಡು, ಪೇಂಟಿಂಗಿಗೆ ಕೈಯಿಂದ 22 ಸಾವಿರ. ಅದೂ ಅವನು ಖಾಲಿ ಮಾಡಿದ್ದು ಜೂನ್ ಕೊನೆಯಲ್ಲಿ. ಆಷಾಢದಲ್ಲಿ ಯಾವ ಸಂಸಾರ ಹಾಲು ಉಕ್ಕಿಸುತ್ತೆ ಹೇಳಿ? ಶ್ರಾವಣ ಬರೋವರ್ಗೂ ಬೋರ್ಡು ಒಂಟಿಯಾಗಿ ನೇತಾಡ್ತಿತ್ತು. ಪಿತೃಪಕ್ಷ, ಧನುರ್ಮಾಸನೂ ಹಂಗೇ.

ಅವತ್ತಿಂದ ಈಚೆಗೆ ನಾನು ಮಾಡೋದು ಇಷ್ಟು. ಅಡ್ವಾನ್ಸು ಕನಿಷ್ಠ ಐದು ತಿಂಗಳ ಬಾಡಿಗೆಯಷ್ಟು. ಆಧಾರ್ ಕಾಪಿ, ಕೆಲಸದ ಐಡಿ, ಹಿಂದಿನ ಓನರ್ ನಂಬರ್, ಆ ಓನರ್‌ಗೆ ಫೋನ್ ಮಾಡ್ತೀನಿ, ಸಾಧ್ಯ ಆದ್ರೆ ಅದಕ್ಕಿಂತ ಹಿಂದಿನ ಓನರ್‌ಗೂ, ಯಾಕಂದ್ರೆ ಈಗಿನ ಓನರ್ ಕಳಿಸಿದ್ರೆ ಸಾಕು ಅಂತ ಹೊಗಳಬಹುದು. ಕೀ ಕೊಡೋ ದಿನ ಎರಡೂ ಕಡೆಯೋರು ನಿಂತು ಪ್ರತಿ ರೂಮಿನ ವೀಡಿಯೋ, ಮೀಟರ್ ರೀಡಿಂಗ್ ಫೋಟೋ, ವಾಟ್ಸಾಪಲ್ಲಿ ಇಬ್ಬರಿಗೂ. ಬಾಡಿಗೆ ಬ್ಯಾಂಕಿಗೇ, ಕ್ಯಾಶ್ ಬೇಡ.

ಕರಾರು ಇ-ಸ್ಟಾಂಪ್ ಪೇಪರಲ್ಲಿ 11 ತಿಂಗಳಿಗೆ. 11 ಯಾಕೆ ಅಂದ್ರೆ ಒಂದು ವರ್ಷ ಮೀರಿದ ಲೀಸಿಗೆ ರಿಜಿಸ್ಟ್ರೇಷನ್ ಕಡ್ಡಾಯ, ಅದಕ್ಕೆ ಎಲ್ಲರೂ ಒಂದು ತಿಂಗಳು ಕಮ್ಮಿ ಬರೆಸ್ತಾರೆ, ಅಷ್ಟೆ. ಅದರಲ್ಲಿ ಇರಲೇಬೇಕಾದ್ದು: ಅವಧಿ ಮುಗಿದ್ಮೇಲೆ 5% ಏರಿಕೆ, ಖಾಲಿ ಮಾಡೋಕೆ ಎರಡು ತಿಂಗಳ ನೋಟಿಸು ಎರಡೂ ಕಡೆಯಿಂದ, ಕೊನೇ ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಮುರ್ಕೊಳ್ಳೋ ಹಾಗಿಲ್ಲ, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು, ಬೇರೆಯೋರಿಗೆ ಒಳಬಾಡಿಗೆ ಕೊಡೋ ಹಾಗಿಲ್ಲ. ಹೊಸದಾಗಿ ಬರೆಸದೆ ಹಾಗೇ ವರ್ಷಗಟ್ಲೆ ಬಿಟ್ರೆ ಅದು ತಿಂಗಳ ಲೆಕ್ಕದ ಬಾಡಿಗೆ ಅಂತ ಆಗುತ್ತೆ, ಕಾನೂನಿನ ಪ್ರಕಾರ 15 ದಿನದ ನೋಟಿಸ್ ಕೊಟ್ಟು ಬಿಡಿಸ್ಬಹುದು, ಆದ್ರೆ ಅವರು ಆಗಲ್ಲ ಅಂತ ಕೂತ್ರೆ ಸಿವಿಲ್ ಕೋರ್ಟು, ಅಲ್ಲಿ ವರ್ಷಗಳು ಹೋಗುತ್ತೆ. ಫ್ಯೂಸ್ ಕೀಳ್ತೀನಿ, ನೀರು ನಿಲ್ಲಿಸ್ತೀನಿ ಅಂತ ಹೋಗ್ಬೇಡಿ, ಕೇಸು ನಿಮ್ಮ ಮೇಲೇ ತಿರುಗುತ್ತೆ. 12 ವರ್ಷ ಇದ್ರೆ ಮನೆ ಬಾಡಿಗೆದಾರನದೇ ಆಗುತ್ತಂತೆ ಅಂತ ಹೆದರಿಸೋರಿದ್ದಾರೆ, ಓನರ್ ಒಪ್ಪಿಗೆ ಮೇಲೆ ಬಾಡಿಗೆ ಕೊಟ್ಕೊಂಡು ಇರೋನಿಗೆ ಹಂಗೆಲ್ಲ ಹಕ್ಕು ಬರಲ್ಲ, ಆದ್ರೆ ಆ ಬಾಡಿಗೆ ಕರಾರಿನ ಕಾಗದ ನಿಮ್ಮ ಹತ್ರ ಇರ್ಬೇಕು.

ವೆಜ್ ಓನ್ಲಿ ಅಂತ ಬೋರ್ಡ್ ಹಾಕೋರಿಗೆ ಒಂದು ಮಾತು. ನಾನೂ ಮೊದಲು ಪಕ್ಕದ ಮನೆಯೋರು ಹೇಳಿದ್ರು ಅಂತ ಹಾಕಿದ್ದೆ, ಎರಡು ತಿಂಗಳು ಖಾಲಿ ಬಿತ್ತು. ತೆಗೆದೆ. ಈಗ ಕೆಳಗಿರೋ ಕೊಡಗಿನೋರು ಎಂಟು ವರ್ಷದಿಂದ ಇದ್ದಾರೆ, ಒಂದೇ ಒಂದು ದಿನ ಬಾಡಿಗೆ ಲೇಟಾಗಿಲ್ಲ.

5. ಭೋಗ್ಯದ ಆಸೆಗೆ ಬೀಳೋ ಮುಂಚೆ

ಲೀಸು, ಭೋಗ್ಯ ಏನಾದ್ರೂ ಅನ್ನಿ, ಒಟ್ಟಿಗೆ ದೊಡ್ಡ ಮೊತ್ತ ಇಸ್ಕೊಂಡು ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಬಿಟ್ಟು, ಹೋಗುವಾಗ ಪೂರ್ತಿ ವಾಪಸ್ ಕೊಡೋದು. ನನ್ನ ಭಾಮೈದ ಮಂಡ್ಯದೋನು, ಬೋಗಾದಿ ಕಡೆ ಮನೆ ತಗೊಂಡು 11 ಸಾವಿರ ಬಾಡಿಗೆ ಬರೋ ಪೋರ್ಷನ್ನ 8 ಲಕ್ಷಕ್ಕೆ ಭೋಗ್ಯಕ್ಕೆ ಬಿಟ್ಟ. ಮಗಳ ಮದ್ವೆಗೆ ಆ ದುಡ್ಡು ಹಾಕಿದ. ನಾನು ಬೇಡ ಅಂದಿದ್ದಕ್ಕೆ, ಭಾವ, ಮೂರು ವರ್ಸ ಇರ್ತಾರೆ ಬುಡಿ, ಅಷ್ಟೊತ್ಗೆ ಆಯ್ತದೆ ಅಂದ. ಮೂರು ವರ್ಷ ಕಣ್ಣು ಮುಚ್ಚಿ ಬಿಡೋದರಲ್ಲಿ ಬಂತು, ಅವರು ಸ್ವಂತ ಮನೆ ಕಟ್ಕೊಂಡು ದುಡ್ಡು ಕೊಡಿ ಅಂದ್ರು, ಇವನ ಹತ್ರ ಇಲ್ಲ, ದುಡ್ಡು ಕೈಗೆ ಬರೋವರ್ಗೂ ಇದ್ದೋರು ಮನೆ ಬಿಡಲ್ಲ, ಅವರು ಬಿಡದೆ ಮುಂದಿನ ಭೋಗ್ಯದೋರು ದುಡ್ಡು ಕೊಡಲ್ಲ. ಕೊನೆಗೆ ಒಡವೆ ಇಟ್ಟು, ನನ್ನಿಂದ ಒಂದೂವರೆ ಲಕ್ಷ ಇಸ್ಕೊಂಡು ತೀರಿಸಿದ.

ಲೆಕ್ಕ ನೋಡಿ: 8 ಲಕ್ಷ ಎಫ್‌ಡಿಯಲ್ಲಿ 6.5% ಅಂದ್ರೆ ವರ್ಷಕ್ಕೆ 52 ಸಾವಿರ, ತಿಂಗಳಿಗೆ 4,300. ಆ ದುಡ್ಡಲ್ಲಿ 10% ಬಡ್ಡಿ ಸಾಲವನ್ನೇ ತೀರಿಸಿದ್ರೂ ತಿಂಗಳಿಗೆ ಉಳಿಯೋದು 6,700ರ ಹತ್ರ. 11 ಸಾವಿರ ಬಾಡಿಗೆ ಬಿಟ್ಟು ಇದನ್ನ ಯಾಕೆ ತಗೋಬೇಕು? ಭೋಗ್ಯ ಇರೋರಿಗೆ ಲಾಭ, ಓನರ್‌ಗೆ ಕಮ್ಮಿ ಬೆಲೆಗೆ ಬಾಡಿಗೆ ಮಾರ್ಕೊಂಡ ಹಾಗೆ. ಅರ್ಜೆಂಟ್ ದುಡ್ಡು ಬೇಕಾದೋರು ಮಾಡ್ತಾರೆ, ಅರ್ಜೆಂಟಿಲ್ಲದೋರು ಮಾಡ್ಬೇಡಿ.

6. ನಡೆಸ್ಕೊಂಡು ಹೋಗೋದು

ಪ್ರತಿ ಮನೆಗೂ ಬೇರೆ ಕರೆಂಟ್ ಮೀಟರ್ ಇರ್ಲಿ. ಗೃಹಜ್ಯೋತಿ ಬಂದ್ಮೇಲೆ ಬಾಡಿಗೆದಾರರು ಮೊದಲು ಕೇಳೋದೇ ಇದು, ಒಂದೇ ಮೀಟರಲ್ಲಿ ಎರಡು ಮನೆ ಇದ್ರೆ ಒಟ್ಟು ಸೇರಿ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬರುತ್ತೆ, ಆಮೇಲೆ ಮೇಲಿನೋರು ಕೆಳಗಿನೋರು ಜಗಳ, ನಡುವೆ ನೀವು. ಹಳೇ ಬಾಡಿಗೆದಾರ ಹೋಗುವಾಗ ಅವರ ಆಧಾರ್ ಡಿ-ಲಿಂಕ್ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ಹೊಸಬರು ಅರ್ಜಿ ಹಾಕೋಕೆ ಒದ್ದಾಡ್ತಾರೆ. ಕಂದಾಯ ಏಪ್ರಿಲಲ್ಲೇ ಕಟ್ಟಿ, 5% ರಿಯಾಯಿತಿ ಇರುತ್ತೆ. ಮಳೆಗಾಲಕ್ಕೆ ಮುಂಚೆ ಟೆರೇಸಿನ ನೀರಿನ ಪೈಪು, ಸಂಪು ಕ್ಲೀನ್ ಮಾಡಿಸಿ, ಒಂದು ಸಾವಿರದ ಕೆಲಸ ಬಿಟ್ಟಿದ್ದಕ್ಕೆ ನಾನು ಒಂದ್ಸಲ ಸೀಲಿಂಗ್ ಪ್ಲಾಸ್ಟರ್‌ಗೆ 40 ಸಾವಿರ ಕೊಟ್ಟಿದ್ದೀನಿ.

ತೆರಿಗೆ ಬಗ್ಗೆ ಚಿಕ್ಕದಾಗಿ. ಬಂದ ಬಾಡಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ 30% ಕಳೆದು, ಆಮೇಲೆ ಹೋಮ್ ಲೋನ್ ಬಡ್ಡಿ ಕಳೆದು ಮಿಕ್ಕಿದ್ದಕ್ಕೆ ತೆರಿಗೆ. ಆ 30% ರಿಪೇರಿ ಮಾಡಿದ್ರೂ ಅಷ್ಟೇ, ಮಾಡದಿದ್ರೂ ಅಷ್ಟೇ, ಪೇಂಟ್ ಬಿಲ್ ಬೇರೆ ತೋರಿಸೋ ಹಾಗಿಲ್ಲ. ಬಡ್ಡಿ ಜಾಸ್ತಿ ಆಗಿ ನಷ್ಟ ಬಂದ್ರೆ ಹಳೇ ತೆರಿಗೆ ಪದ್ಧತಿಯಲ್ಲಿ 2 ಲಕ್ಷದವರೆಗೆ ಸಂಬಳದಲ್ಲಿ ಕಳೀಬಹುದು, ಹೊಸ ಪದ್ಧತಿಯಲ್ಲಿ ಅದಿಲ್ಲ. ಸಾಲ ಮಾಡಿ ಮನೆ ತಗೊಂಡ್ರೆ ಟ್ಯಾಕ್ಸ್ ಉಳಿಯುತ್ತೆ ಅನ್ನೋ ಹಳೇ ಸಲಹೆ ಕೇಳ್ಕೊಂಡು ಹೊರಟೋರು ಇದನ್ನ ಆಡಿಟರ್ ಹತ್ರ ಕೂತು ನೋಡ್ಲೇಬೇಕು.

7. ಮಾರೋ ದಿನದ ಬಗ್ಗೆ ತಗೊಳ್ಳೋ ದಿನವೇ ಯೋಚ್ನೆ

ಎರಡು ವರ್ಷ ಆದ್ಮೇಲೆ ಮಾರಿದ್ರೆ ಲಾಭದ ಮೇಲೆ 12.5% ತೆರಿಗೆ, 2024ರ ಜುಲೈ 23ಕ್ಕೆ ಮುಂಚೆ ತಗೊಂಡಿದ್ದಾದ್ರೆ ಇಂಡೆಕ್ಸೇಷನ್ (ಬೆಲೆ ಏರಿಕೆಗೆ ತಕ್ಕ ಹಾಗೆ ಕೊಂಡ ಬೆಲೆ ಏರಿಸ್ಕೊಳ್ಳೋದು) ಜೊತೆ 20% ಲೆಕ್ಕನೂ ಹಾಕಿ ನೋಡಿ ಯಾವುದು ಕಮ್ಮಿಯೋ ಅದು. ತಗೊಂಡಾಗಿನ ಸ್ಟಾಂಪ್ ಡ್ಯೂಟಿ ರಸೀದಿ, ಮೇಲೆ ಕಟ್ಟಿಸಿದ ಬಿಲ್ಲು ಎಲ್ಲ ಒಂದು ಫೈಲಲ್ಲಿ ಇಡಿ, ಅವು ಲಾಭದಲ್ಲಿ ಕಳೆಯುತ್ತೆ. ಬಾಡಿಗೆದಾರ ಇರೋ ಮನೆ ಮಾರುವಾಗ ಅವರಿಗೆ ಮೊದಲೇ ಹೇಳಿ, ಯಾರೋ ಅಪರಿಚಿತರು ಬೆಡ್‌ರೂಮ್ ಬಾಗಿಲು ತೆಗೆದು ನೋಡ್ತಿದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ, ಸಿಟ್ಟಲ್ಲಿ ಬಂದವರ ಹತ್ರ ಟೆರೇಸ್ ಸೋರುತ್ತೆ ಅಂತ ಒಂದು ಮಾತು ಬಿಟ್ರೆ ಐದು ಲಕ್ಷ ಇಳಿಯುತ್ತೆ. ಅಡ್ವಾನ್ಸು ಹೊಸ ಓನರ್‌ಗೆ ವರ್ಗಾಯಿಸ್ತೀರೋ ನೀವೇ ವಾಪಸ್ ಕೊಡ್ತೀರೋ ಅಂತ ಮೂವರೂ ಕೂತು ಬರೆದು ಸಹಿ ಹಾಕಿ.

ನಮ್ಮ ಮೇಲಿನ ಮನೆಯೋರಿಗೆ ಹಾಸನಕ್ಕೆ ಟ್ರಾನ್ಸ್‌ಫರ್ ಆಗಿದೆ, ಮೇ ಕೊನೆಗೆ ಖಾಲಿ ಮಾಡ್ತಾರಂತೆ. ಆಷಾಢಕ್ಕೆ ಮುಂಚೆ ಇನ್ನೊಬ್ಬರು ಬಂದು ಸೇರ್ಬೇಕು, ಅದಕ್ಕೆ ಅವರು ಇರೋವಾಗಲೇ ಒಪ್ಪಿಸಿ ನಾಳೆಯೇ ಬೋರ್ಡು ಹಾಕ್ತಿದ್ದೀನಿ.